ಬ್ಲೇಡು ಮುರಿಯುವ ಸದ್ದು

ನಮ್ಮ ಕ್ಷೌರದ ಕಸುಬಿನವರಿಗೆ ಮಂಗಳವಾರ ರಜ. ಅದಕ್ಕೇ ಸಭೆಯನ್ನೂ ಮಂಗಳವಾರವೇ ಇಟ್ಟಿದ್ದರು. ಮಂಡ್ಯದ ಒಂದು ಸಮುದಾಯ ಭವನ. ಅಂಗಡಿ ಇಟ್ಟವರು, ಕೆಲಸ ಕಲಿಯುತ್ತಿರುವ ಹುಡುಗರು, ಒಂದಷ್ಟು ಜನ ಗಿರಾಕಿಗಳೂ ಬಂದಿದ್ದರು. ಅಲ್ಲಿ ನಾನು ಆಡಿದ ಮಾತನ್ನು ಬರೆದುಕೊಡಿ ಎಂದು ಹಲವರು ಕೇಳಿದರು. ಬರೆದಿದ್ದೇನೆ. ಹೇಳುವಾಗ ಬಿಟ್ಟುಹೋದ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರಲ್ಲ, ದೊಡ್ಡ ಓದು ಓದಿದವನೂ ಅಲ್ಲ. 31 ವರ್ಷದಿಂದ ಕುರ್ಚಿಯ ಹಿಂದೆ ನಿಂತು ಕೆಲಸ ಮಾಡುತ್ತಿದ್ದೇನೆ. ಡಾಕ್ಟರುಗಳನ್ನು ಕೇಳಿ ಕೇಳಿ ಒಂದಷ್ಟು ತಿಳಿದುಕೊಂಡಿದ್ದೇನೆ. ಇವತ್ತು ಒಂದೇ ಮಾತು ಹೇಳಬೇಕು ಅಂತ ಬಂದೆ. ನಮ್ಮ ಕೆಲಸದಲ್ಲಿ ಕಣ್ಣು ಎರಡು ಸಲ ಮೋಸ ಮಾಡುತ್ತದೆ. ಹೊಳೆಯುವ ಸಾಮಾನನ್ನು ಕ್ಲೀನು ಅಂದುಕೊಳ್ಳುತ್ತೇವೆ. ಮೈಮೇಲೆ ಕಲೆ ಇರುವ ಮನುಷ್ಯನನ್ನು ಗಲೀಜು ಅಂದುಕೊಳ್ಳುತ್ತೇವೆ. ಎರಡೂ ತಪ್ಪು.

ಮೊದಲು ಸಾಮಾನಿನ ವಿಷಯ. ನನ್ನ ಕೈಯಲ್ಲಿ ಒಂದು ಬ್ಲೇಡಿದೆ, ನೋಡಿ. ಕಾಗದ ಬಿಚ್ಚಿಲ್ಲ. ಕಾಗದದ ಸಮೇತ ಉದ್ದಕ್ಕೆ ಮಡಚುತ್ತೇನೆ. ಟಕ್. ಎರಡು ಹೋಳಾಯಿತು. ಹಿಂದಿನ ಸಾಲಿನವರಿಗೂ ಕೇಳಿಸಿತು ಅಲ್ವಾ? ಶೇವಿಂಗಿಗೆ ಕೂತ ಗಿರಾಕಿ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿರುತ್ತಾನೆ. ನಾವು ಏನು ಮಾಡುತ್ತಿದ್ದೇವೆ ಅಂತ ಅವನಿಗೆ ಕಾಣುವುದಿಲ್ಲ. ಈ ಸದ್ದು ಮಾತ್ರ ಕೇಳುತ್ತದೆ. ಸದ್ದು ಕೇಳಿದ ಕೂಡಲೇ ಅವನ ಭುಜ ಒಂಚೂರು ಸಡಿಲವಾಗುತ್ತದೆ. ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಹುಡುಗರೇ, ಬ್ಲೇಡನ್ನು ಮೊದಲೇ ಮುರಿದು ಕತ್ತಿಗೆ ಸಿಗಿಸಿ ಇಟ್ಟುಕೊಳ್ಳಬೇಡಿ. ಗಿರಾಕಿ ಕೂತ ಮೇಲೆ, ಅವನ ಕಿವಿಯ ಹತ್ತಿರ ಮುರಿಯಿರಿ.

ಒಬ್ಬರಿಗೆ ಅರ್ಧ ಬ್ಲೇಡು. ಆ ಅರ್ಧ ಇನ್ನೊಬ್ಬರ ಮುಖಕ್ಕೆ ಹೋಗಬಾರದು. ಅದರ ಬೆಲೆ ಒಂದು ಟೀಗಿಂತ ಎಷ್ಟೋ ಕಮ್ಮಿ. 'ಅಣ್ಣ, ರಕ್ತಾನೇ ಬಂದಿಲ್ಲ, ಇನ್ನೂ ಒಳ್ಳೆ ಹರಿತ ಐತೆ, ಸುಮ್ನೆ ಬಿಸಾಕೋದ್ಯಾಕೆ' ಅಂತ ನನ್ನ ಅಂಗಡಿಯ ಹುಡುಗನೇ ಕೇಳಿದ್ದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲೆಲ್ಲ ಆಪರೇಷನ್‌ಗೆ ಮುಂಚೆ ಆಸ್ಪತ್ರೆಯಲ್ಲಿ ಮೈಕೂದಲನ್ನು ಬ್ಲೇಡಿನಲ್ಲಿ ತೆಗೆಯುತ್ತಿದ್ದರು. ನಮ್ಮವರನ್ನೇ ಕರೆಸುತ್ತಿದ್ದ ಕಾಲವೂ ಇತ್ತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡ ಅಂದಿತು. ಕೂದಲು ತೆಗೆಯಲೇಬೇಕಾದರೆ ಮಿಶಿನ್ನಿನಲ್ಲಿ ಕತ್ತರಿಸಿ, ಶೇವ್ ಮಾಡಬೇಡಿ ಅಂದಿತು. ಯಾಕೆ ಗೊತ್ತಾ? ಎಷ್ಟೇ ನಾಜೂಕಾಗಿ ಎಳೆದರೂ ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರು ಬಿಡುತ್ತದೆ. ರೋಗಾಣು ಒಳಗೆ ಹೋಗೋಕೆ ಅಷ್ಟು ಜಾಗ ಸಾಕು. ಆಪರೇಷನ್ ಥಿಯೇಟರಿನಲ್ಲೇ ಈ ಕಥೆ ಅಂದರೆ ನಮ್ಮ ಅಂಗಡಿಯಲ್ಲಿ ಹೇಗಿರಬೇಡ. ರಕ್ತ ಬರಲಿಲ್ಲ ಅಂದರೆ ಗಾಯ ಆಗಲಿಲ್ಲ ಅಂತಲ್ಲ.

ನನಗೆ ಕಸುಬು ಕಲಿಸಿದವರು ನನ್ನ ಸೋದರಮಾವ. ಆಗೆಲ್ಲ ಮಡಿಚುವ ಕತ್ತಿ. ಕಲ್ಲಿಗೆ ಮಸೆದು, ತೊಗಲಿನ ಪಟ್ಟಿಯ ಮೇಲೆ ಹಿಂದೆ ಮುಂದೆ ಎಳೆದು, ಹರಿತ ಬಂತಾ ಅಂತ ನೋಡೋಕೆ ಹೆಬ್ಬೆರಳ ಮೇಲೆ ಸವರುತ್ತಿದ್ದರು. ಹೆಬ್ಬೆರಳ ತುಂಬಾ ಕೂದಲೆಳೆಯಂಥ ಗೀರು. ಒಂದು ಕತ್ತಿ, ದಿನಕ್ಕೆ ಮೂವತ್ತು ನಲವತ್ತು ಮುಖ, ನಡುವೆ ಆ ಹೆಬ್ಬೆರಳು. ಮಾವ ಒಂದು ತೊಟ್ಟು ಕುಡಿದವರಲ್ಲ. 50 ದಾಟಿದ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು. ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ಹೆಪಟೈಟಿಸ್ ಬಿ ಅಂದರು. ಅಷ್ಟೊತ್ತಿಗೆ ಲಿವರ್ ಗಟ್ಟಿಯಾಗಿ ಕೆಟ್ಟುಹೋಗಿತ್ತು. 'ಕದ್ದು ಕುಡೀತಿದ್ದ ಕಣಪ್ಪ' ಅಂತ ಊರವರು ಮಾತಾಡಿಕೊಂಡರು. ಆ ಮಾತು ನಮ್ಮತ್ತೆಯನ್ನು ಇವತ್ತಿಗೂ ಸುಡುತ್ತದೆ.

ಆ ವೈರಸ್ ಅವರಿಗೆ ಎಲ್ಲಿಂದ ಬಂತು ಅಂತ ಯಾರೂ ಹೇಳೋಕಾಗಲ್ಲ. ಹುಟ್ಟುವಾಗ ತಾಯಿಯಿಂದ ಬಂದಿರಬಹುದು. ಯಾವುದೋ ಕಾಲದ ಇಂಜೆಕ್ಷನ್ ಸೂಜಿಯಿಂದ ಬಂದಿರಬಹುದು. ಆದರೆ ನನ್ನ ಕಣ್ಣ ಮುಂದೆ ನಿಲ್ಲೋದು ಆ ಹೆಬ್ಬೆರಳು. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಬಂದು ರಕ್ತ ಒಣಗಿದ ಮೇಲೂ ಕನಿಷ್ಠ 7 ದಿನ ಜೀವ ಹಿಡಿದುಕೊಂಡಿರುತ್ತದೆ. ಈ ಮಂಗಳವಾರ ಬಾಚಣಿಗೆ ಹಲ್ಲಿಗೆ ಅಂಟಿದ್ದು ಬರುವ ಸೋಮವಾರವೂ ಸೋಂಕು ಹರಡಬಲ್ಲದು. ಎಚ್‌ಐವಿಗೆ ಅಷ್ಟು ಆಯಸ್ಸಿಲ್ಲ, ಹೊರಗಿನ ಗಾಳಿಗೆ ಬೇಗ ಸಾಯುತ್ತದೆ. ನಾವೆಲ್ಲ ಎಚ್‌ಐವಿಗೆ ಹೆದರುತ್ತೇವೆ, ಹೆಪಟೈಟಿಸ್ ಹೆಸರನ್ನೂ ಕೇಳಿರುವುದಿಲ್ಲ.

ಇದಕ್ಕೆ ಲಸಿಕೆ ಇದೆ. ಮೂರು ಡೋಸು. ಮೊದಲನೆಯದು ಇವತ್ತು ಹಾಕಿಸಿದರೆ, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ದೇಶದ ಎಲ್ಲ ಮಕ್ಕಳಿಗೂ ಕೊಡಲು ಶುರುವಾಗಿದ್ದು 2011ರಲ್ಲಿ. ಅಂದರೆ ಇಲ್ಲಿ ಕೂತಿರುವ ಬಹಳಷ್ಟು ಜನಕ್ಕೆ ಬಿದ್ದಿರಲಿಕ್ಕಿಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಲಸಿಕೆ ಹಾಕಿಸಿಕೊಳ್ಳಿ. ಪರೀಕ್ಷೆ, ಚಿಕಿತ್ಸೆ ಎರಡನ್ನೂ ಉಚಿತವಾಗಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ರಿಂದ ಇದೆ. ನಮ್ಮ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ಮೈಸೂರಿನವರಾದರೆ ಕೆ.ಆರ್. ಆಸ್ಪತ್ರೆಯಲ್ಲಿ ಕೇಳಿ. ಹೆಪಟೈಟಿಸ್ ಸಿ ಅಂತ ಇನ್ನೊಂದಿದೆ. ಅದಕ್ಕೆ ಲಸಿಕೆ ಇಲ್ಲ, ಮಾತ್ರೆಯಿಂದ ವಾಸಿಯಾಗುತ್ತದೆ.

ಇನ್ನು ಪಟಿಕ. ಇದರ ಬಗ್ಗೆ ನನಗೆ ಸಿಟ್ಟಿದೆ. ಕನ್ನಡಿ ಕೆಳಗಿನ ಹಲಗೆ ಮೇಲೆ ಒಂದು ಪಟಿಕದ ತುಂಡು ಇರುತ್ತದೆ. ಮುಟ್ಟಿ ಮುಟ್ಟಿ ಸೋಪಿನ ಚೂರಿನ ಹಾಗೆ ನುಣ್ಣಗಾಗಿರುತ್ತದೆ. ಶೇವಿಂಗ್ ಆದ ಮೇಲೆ ಅದನ್ನು ನೀರಿಗೆ ಅದ್ದಿ ಕೆನ್ನೆಗೆಲ್ಲ ತಿಕ್ಕುತ್ತೇವೆ. ಗಾಯ ಆಗಿದ್ದರಂತೂ ಅಲ್ಲೇ ಒತ್ತಿ ಹಿಡಿಯುತ್ತೇವೆ. ಪಟಿಕಕ್ಕೆ ರಕ್ತ ನಿಲ್ಲಿಸುವ ಗುಣ ಇದೆ, ಅದು ನಿಜ. ಚರ್ಮವನ್ನು ಬಿಗಿ ಮಾಡಿ, ರಕ್ತವನ್ನು ಗರಣೆ ಕಟ್ಟಿಸುತ್ತದೆ. ಆದರೆ ರೋಗಾಣುವನ್ನು ಕೊಂದುಬಿಡುತ್ತದೆ ಅಂತ ನಂಬಿಕೊಂಡು ಒಬ್ಬನ ಗಾಯದಿಂದ ಇನ್ನೊಬ್ಬನ ಗಾಯಕ್ಕೆ ಅದನ್ನು ಒಯ್ಯುತ್ತಿದ್ದೇವಲ್ಲ? ಬ್ಲೇಡು ಹೊಸದು, ಟವಲ್ಲು ಒಗೆದದ್ದು, ಪಟಿಕ ಮಾತ್ರ ವರ್ಷದ ಹಿಂದಿನದು. ಪಟಿಕವನ್ನು ಕುಟ್ಟಿ ಪುಡಿ ಮಾಡಿ ಮುಚ್ಚಳದ ಡಬ್ಬಿಯಲ್ಲಿಡಿ. ಬೇಕಾದಾಗ ಒಂದು ಚಿಟಿಕೆ ಹೊಸ ಹತ್ತಿಗೆ ಉದುರಿಸಿ ಒತ್ತಿ. ಹತ್ತಿ ಕಸಕ್ಕೆ. ಇಷ್ಟೇ.

ತೊಳೆಯುವ ವಿಷಯಕ್ಕೆ ಬರುತ್ತೇನೆ. ನಾವೆಲ್ಲ ಒಂದು ಮಗ್ಗಿಗೆ ಎರಡು ಹನಿ ಡೆಟಾಲ್ ಹಾಕಿ, ಬೆಳಗ್ಗೆಯಿಂದ ರಾತ್ರಿವರೆಗೆ ಕತ್ತರಿ ಬಾಚಣಿಗೆಯನ್ನೆಲ್ಲ ಅದರಲ್ಲೇ ಅದ್ದಿ ತೆಗೆದವರೇ. ನೀರು ಬೆಳ್ಳಗಾಯಿತು, ವಾಸನೆ ಬಂತು, ಗಿರಾಕಿಗೂ ಖುಷಿ. ಸಾಯಂಕಾಲದ ಹೊತ್ತಿಗೆ ಆ ಮಗ್ಗಿನೊಳಗೆ ಇಣುಕಿ ನೋಡಿ. ಕೂದಲು, ಹೊಟ್ಟು, ಎಣ್ಣೆ. ಅದರಲ್ಲಿ ಅದ್ದಿದ್ದು ಕ್ಲೀನಾಗುವುದಲ್ಲ, ಎಲ್ಲರದ್ದೂ ಬೆರೆಯುತ್ತದೆ.

ಮೊದಲ ಕೆಲಸ ಸೋಪು ನೀರಿನಲ್ಲಿ ಬ್ರಷ್ ಹಾಕಿ ಉಜ್ಜುವುದು. ಇದನ್ನು ಬಿಟ್ಟು ಯಾವ ಔಷಧಿ ಹಾಕಿದರೂ ದಂಡ. ಕೊಳೆಯೇ ಔಷಧಿಯ ಶಕ್ತಿಯನ್ನು ಹೀರಿಕೊಂಡುಬಿಡುತ್ತದೆ. ಬಾಚಣಿಗೆ, ಪ್ಲಾಸ್ಟಿಕ್ ಸಾಮಾನಿಗೆ ಬ್ಲೀಚ್ ಒಳ್ಳೆಯದು. ಮೆಡಿಕಲ್ ಸ್ಟೋರಿನಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಸಿಗುತ್ತದೆ. ಡಬ್ಬದ ಮೇಲೆ 5 ಪರ್ಸೆಂಟ್ ಅಂತ ಇದ್ದರೆ, ಅದರ 1 ಲೋಟಕ್ಕೆ 9 ಲೋಟ ನೀರು. 10 ನಿಮಿಷ ಮುಳುಗಿಸಿ, ತೊಳೆದು, ಒರೆಸಿ. ದಿನಾ ಹೊಸದಾಗಿ ಕಲಸಿಕೊಳ್ಳಬೇಕು, ನಿನ್ನೆಯದಕ್ಕೆ ಬಲ ಇರುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಕಬ್ಬಿಣದ ಸಾಮಾನು ಬ್ಲೀಚಿನಲ್ಲಿ ತುಕ್ಕು ಹಿಡಿಯುತ್ತದೆ. ಅದಕ್ಕೇ ಬ್ಲೇಡು ಸಿಗಿಸುವ ಕತ್ತಿಯನ್ನು ನಾನು ರಾತ್ರಿ ಅಂಗಡಿ ಮುಚ್ಚುವ ಮುಂಚೆ 20 ನಿಮಿಷ ಕುದಿಸುತ್ತೇನೆ. ಅಂಥ ನಾಲ್ಕು ಕತ್ತಿ ಇಟ್ಟುಕೊಂಡಿದ್ದೇನೆ, ಹಗಲಲ್ಲಿ ಸರದಿ ಪ್ರಕಾರ ಉಜ್ಜಿ ಸ್ಪಿರಿಟ್ಟಿನಲ್ಲಿ ಅದ್ದಿ ಬಳಸುತ್ತೇನೆ.

ಮಿಶಿನ್ ಹಲ್ಲಿಗೆ ಮತ್ತು ಕತ್ತರಿಗೆ ಸ್ಪಿರಿಟ್. ಅದೂ 70 ಪರ್ಸೆಂಟ್ ಇರಬೇಕು. ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಅದರಲ್ಲಿ ಒಂದಿಷ್ಟು ನೀರಿದ್ದರೇನೇ ಔಷಧಿ ರೋಗಾಣುವಿನ ಒಳಗಿಳಿದು ಕೆಲಸ ಮಾಡುವುದು. ತೀರಾ ಗಟ್ಟಿ ಸ್ಪಿರಿಟ್ ಹೊರಗಿನ ಪದರವನ್ನಷ್ಟೇ ಹೆಪ್ಪುಗಟ್ಟಿಸಿ, ಒಳಗೆ ಹೋಗುವ ಮುಂಚೆಯೇ ಆರಿಹೋಗುತ್ತದೆ. ಮಿಶಿನ್ ಆಫ್ ಮಾಡಿ, ಹಲ್ಲಿನೊಳಗಿನ ಕೂದಲು ತಟ್ಟಿ, ಬ್ರಷ್ಷಿನಿಂದ ತೆಗೆದು, ಆಮೇಲೆ ಒರೆಸಿ. ಒದ್ದೆ ಆರುವವರೆಗೆ ಕಾಯಿರಿ. ಹುಳಕಡ್ಡಿ ಒಂದು ತಲೆಯಿಂದ ಇನ್ನೊಂದು ತಲೆಗೆ ಹೋಗುವುದು ಹೆಚ್ಚಾಗಿ ಈ ಮಿಶಿನ್ ಮೇಲೆ ಸವಾರಿ ಮಾಡಿಕೊಂಡೇ.

ರೋಗಾಣು ಕೊಲ್ಲೋಕೆ ಅಂತ ಇಡುವ ನೀಲಿ ಲೈಟಿನ ಪೆಟ್ಟಿಗೆ ತುಂಬಾ ಅಂಗಡಿಗಳಲ್ಲಿದೆ. ಚೆನ್ನಾಗಿ ಕಾಣುತ್ತದೆ. ಬೆಳಕು ಬಿದ್ದ ಕಡೆ ಮಾತ್ರ ಅದರ ಕೆಲಸ. ಬಾಚಣಿಗೆ ಹಲ್ಲಿನ ಸಂದಿಗೆ, ಕತ್ತರಿಯ ಒಳಮೈಗೆ ಬೆಳಕು ಬೀಳುವುದಿಲ್ಲ. ತೊಳೆದ ಸಾಮಾನನ್ನು ಧೂಳು ಕೂರದ ಹಾಗೆ ಇಡೋಕೆ ಬಳಸಿ, ತೊಳೆಯುವುದರ ಬದಲಿಗೆ ಅಲ್ಲ.

ಶೇವಿಂಗ್ ಬ್ರಷ್ ಬಗ್ಗೆ ಒಂದು ಹಳೇ ಸಂಗತಿ. ಮೊದಲ ಮಹಾಯುದ್ಧದ ಕಾಲದಲ್ಲಿ ಕುದುರೆ ಕೂದಲಿನ ಬ್ರಷ್ ಬಳಸಿದ ಸೈನಿಕರಿಗೆ, ಊರ ಜನರಿಗೆ ಮುಖದ ಮೇಲೆ ಆಂಥ್ರಾಕ್ಸ್ ಎದ್ದಿತು. ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಜನ ಸತ್ತರು. ದನಕುರಿಗೆ ಬರುವ ಆ ರೋಗದ ಬೀಜ ಬ್ರಷ್ಷಿನ ಕೂದಲಲ್ಲೇ ಕೂತಿತ್ತು, ಸೋಪಿನ ನೊರೆಯ ಜೊತೆ ಗೀರಿನೊಳಗೆ ಇಳಿಯಿತು. ಈಗಿನ ಬ್ರಷ್ ನೈಲಾನಿನದು, ಆ ಭಯ ಇಲ್ಲ. ಆದರೂ ಒದ್ದೆ ಬ್ರಷ್ಷನ್ನು ಬಟ್ಟಲಲ್ಲೇ ಬಿಟ್ಟು ಎಲ್ಲರ ಮುಖಕ್ಕೂ ಅದೇ ನೊರೆ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ನಾನು ಕ್ರೀಮನ್ನು ಕೈಯಲ್ಲೇ ಹಚ್ಚುತ್ತೇನೆ. ಅದಕ್ಕೆ ಮುಂಚೆ ಗಿರಾಕಿಯ ಎದುರಿಗೇ ಸೋಪು ಹಾಕಿ ಕೈ ತೊಳೆಯುತ್ತೇನೆ.

ಇದನ್ನೆಲ್ಲ ಕೊರೊನಾ ಟೈಮಿನಲ್ಲಿ ನಾವೇ ಮಾಡಿ ತೋರಿಸಿದ್ದೆವು. 2020ರ ಮಾರ್ಚ್‌ನಲ್ಲಿ ಅಂಗಡಿ ಮುಚ್ಚಿದಾಗ ಎಷ್ಟೋ ಮನೆಯಲ್ಲಿ ಒಲೆ ಹತ್ತಿಸುವುದೇ ಕಷ್ಟವಾಗಿತ್ತು. ಮೇ ತಿಂಗಳಲ್ಲಿ ಸರ್ಕಾರ 2,30,000 ಕ್ಷೌರಿಕರಿಗೆ ತಲಾ 5000 ರೂಪಾಯಿ ಕೊಡುತ್ತೇವೆ ಅಂತ ಹೇಳಿತು. ಅಂಗಡಿ ಮತ್ತೆ ತೆಗೆದಾಗ ನಾವು ಎಷ್ಟು ಎಚ್ಚರವಾಗಿದ್ದೆವು! ಪ್ರತಿಯೊಬ್ಬರಿಗೂ ಬೇರೆ ಹೊದಿಕೆ, ಕುರ್ಚಿ ಒರೆಸುವುದು, ಕೈ ತೊಳೆಯುವುದು. ಎರಡು ವರ್ಷ ಕಳೆದಂತೆ ಬಾಟಲಿ ಖಾಲಿಯಾದದ್ದು ಮತ್ತೆ ತುಂಬಲೇ ಇಲ್ಲ. ಆಗ ಆಗಿದ್ದು ಈಗ ಯಾಕಾಗಲ್ಲ?

ಅಂಗಡಿಯಾಚೆಗಿನ ಒಂದು ಮಾತು. ನಂಜನಗೂಡಿನಲ್ಲಿ ಕಪಿಲೆಯ ದಡದಲ್ಲಿ ಮುಡಿ ತೆಗೆಯುವವರು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ತಿಥಿ ಕಾರ್ಯಕ್ಕೆ ಬಂದವರ ತಲೆ ಬೋಳಿಸುವವರು ನಮ್ಮಲ್ಲೇ ಇದ್ದೀರಿ. ಅಲ್ಲಿ ಜನರ ನೂಕು ಜಾಸ್ತಿ, ಕೈಗೆ ಬಿಡುವಿಲ್ಲ. ಆದರೆ ಬೋಳುತಲೆಗೆ ಬೀಳುವಷ್ಟು ಗೀರು ಬೇರೆಲ್ಲೂ ಬೀಳುವುದಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ಸಾಲಾಗಿ ಕೂತಿದ್ದರೂ ತಲೆಗೊಂದು ಬ್ಲೇಡು ಹಾಕಿ. ಮಕ್ಕಳ ಮೊದಲ ಮುಡಿ ತೆಗೆಯುವಾಗ ನೆತ್ತಿ ನೋಡಿಕೊಳ್ಳಿ. ಅದರ ಮೂಳೆ ಕೂಡಿಕೊಳ್ಳೋಕೆ ಸುಮಾರು ಒಂದೂವರೆ ವರ್ಷ ಬೇಕು. ಅಲ್ಲಿ ಕೈ ಭಾರ ಬಿಡಬಾರದು. ಮಗು ಅಳುತ್ತಿದ್ದರೆ ನಿಲ್ಲಿಸಿ, ತಾಯಿ ಸಮಾಧಾನ ಮಾಡಲಿ. ಪೂಜೆಗೆ ಹೊತ್ತಾಯಿತು ಅಂತ ಅಜ್ಜಂದಿರು ಅವಸರ ಮಾಡುತ್ತಾರೆ. ಮಾಡಲಿ ಬಿಡಿ.

ಈಗ ಕಣ್ಣಿನ ಎರಡನೇ ಮೋಸ.

ಒಂದು ಮಧ್ಯಾಹ್ನ ಅಂಗಡಿ ಖಾಲಿ ಇತ್ತು. ತಲೆಗೆ ಟವಲ್ ಸುತ್ತಿಕೊಂಡ ಒಬ್ಬರು ಬಾಗಿಲಲ್ಲೇ ನಿಂತರು. ಬಿಸಿಲಿಗೆ ಸುತ್ತಿಕೊಂಡಿದ್ದಾರೆ ಅಂದುಕೊಂಡೆ. 'ಬನ್ನಿ ಸಾರ್' ಅಂದೆ. ಬರಲಿಲ್ಲ. 'ಯಾರಾದ್ರೂ ಬರೋರಿದ್ದಾರಾ?' ಅಂತ ಕೇಳಿದರು. 'ಇಲ್ಲ ಸಾರ್, ಬನ್ನಿ' ಅಂದೆ. ಒಳಗೆ ಬಂದು ಟವಲ್ ತೆಗೆದರು. ನೆತ್ತಿಯಿಂದ ಕಿವಿ ಹಿಂದಿನವರೆಗೆ ಬೆಳ್ಳಿ ಬಣ್ಣದ ಹೊಪ್ಪಳೆ, ಅದರ ಕೆಳಗೆ ಕೆಂಪು. ಮೇಷ್ಟ್ರಂತೆ. ಆರು ವರ್ಷದಿಂದ ಅವರ ಹೆಂಡತಿಯೇ ಮನೆಯಲ್ಲಿ ಕತ್ತರಿ ಹಾಕುತ್ತಿದ್ದರಂತೆ. ಅದಕ್ಕೆ ಹಿಂದೆ ಒಂದು ಅಂಗಡಿಯಲ್ಲಿ ಕುರ್ಚಿಯಿಂದ ಎಬ್ಬಿಸಿ ಕಳಿಸಿದ್ದರಂತೆ. ಜೇಬಿನಿಂದ ಡಾಕ್ಟರ ಚೀಟಿ ತೆಗೆದು ನನಗೆ ಕೊಟ್ಟರು. 'ಅಂಟುರೋಗ ಅಲ್ಲಪ್ಪ, ಓದಿ ನೋಡಿ' ಅಂದರು. ಮಕ್ಕಳಿಗೆ ಪಾಠ ಹೇಳುವ ಮನುಷ್ಯ ಕಟಿಂಗ್ ಮಾಡಿಸಿಕೊಳ್ಳೋಕೆ ಚೀಟಿ ಹಿಡಿದುಕೊಂಡು ಬರಬೇಕಾಯಿತು.

ಅದು ಸೋರಿಯಾಸಿಸ್. ಅಂಟುವುದಿಲ್ಲ. ತೊನ್ನು ಅಂಟುವುದಿಲ್ಲ. ತಲೆಹೊಟ್ಟು ಅಂಟುವುದಿಲ್ಲ. ದುಡ್ಡಿನಗಲ ಕೂದಲು ಉದುರಿ ನುಣ್ಣಗಾಗಿರುತ್ತದಲ್ಲ, 'ಹುಳ ತಿಂದಿದೆ' ಅನ್ನುತ್ತೇವೆ. ಅಲ್ಲಿ ಯಾವ ಹುಳವೂ ಇಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ದಿಕ್ಕು ತಪ್ಪಿ ಕೂದಲ ಬುಡದ ಮೇಲೆ ಬೀಳುವುದರಿಂದ ಹಾಗಾಗುತ್ತದೆ. ಅದೂ ಅಂಟುವುದಿಲ್ಲ. ಇವರನ್ನೆಲ್ಲ ಧೈರ್ಯವಾಗಿ ಕೂರಿಸಿ. ಹೊಪ್ಪಳೆ ಕೀಳಬೇಡಿ, ಅಲ್ಲಿ ಬ್ಲೇಡು ತಾಗಿಸಬೇಡಿ, ಅಗಲ ಹಲ್ಲಿನ ಬಾಚಣಿಗೆ ಬಳಸಿ. ಮೇಷ್ಟ್ರು ಈಗಲೂ ಬರುತ್ತಾರೆ. ಟವಲ್ ಸುತ್ತಿಕೊಳ್ಳುವುದಿಲ್ಲ.

ಅಂಟುವುದು ಬೇರೆ ಇದೆ. ಅಂಚು ಕೆಂಪಗೆ ಉಂಗುರದ ಹಾಗೆ ಹರಡುವ ಹುಳಕಡ್ಡಿ. ಜೇನು ಬಣ್ಣದ ಹೊಪ್ಪಳೆ ಕಟ್ಟಿದ ಹುಣ್ಣು. ಗಡ್ಡದಲ್ಲಿ ಕೀವು ತುಂಬಿದ ಗುಳ್ಳೆ. ಹೇನು. ಇಂಥವು ಕಂಡಾಗ 'ವಾಸಿ ಮಾಡ್ಕೊಂಡು ಬನ್ನಿ, ಆಮೇಲೆ ನಾನೇ ಚೆನ್ನಾಗಿ ಮಾಡ್ಕೊಡ್ತೀನಿ' ಅಂತ ಕಿವಿ ಹತ್ತಿರ ಬಗ್ಗಿ ಹೇಳಿ. ಬೆಂಚಿನ ಮೇಲೆ ಕೂತ ನಾಲ್ಕು ಜನಕ್ಕೆ ಕೇಳಬಾರದು. ಮಗುವಿನ ತಲೆಯಲ್ಲಿ ಹೇನು ಕಂಡರೆ ಹೊರಗೆ ಕರೆದುಕೊಂಡು ಹೋಗಿ ಅವರಮ್ಮನಿಗೆ ಒಬ್ಬರಿಗೇ ಹೇಳಿ.

ಗಿರಾಕಿಗೆ ತನ್ನ ತಲೆಯ ಹಿಂಭಾಗ ಕಾಣುವುದೇ ಇಲ್ಲ. ನಮಗೆ ಕಾಣುತ್ತದೆ. ಹೋದ ತಿಂಗಳಿಗಿಂತ ದೊಡ್ಡದಾದ ಮಚ್ಚೆ, ವಾಸಿಯಾಗದ ಹುಣ್ಣು, ಕುತ್ತಿಗೆಯ ಗಂಟು. ಹೊಸದಾಗಿ ಮೂಡಿದ ತೆಳು ಬಣ್ಣದ ಮಚ್ಚೆ, ಮುಟ್ಟಿದರೂ ಅವರಿಗೆ ಗೊತ್ತಾಗುತ್ತಿಲ್ಲ ಅಂದರೆ ಅದು ಕುಷ್ಠದ ಶುರು ಇರಬಹುದು. ಬೇಗ ಹೋದರೆ ಪೂರ್ತಿ ವಾಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ನಾವು ರೋಗದ ಹೆಸರು ಹೇಳಬಾರದು, ಅದು ಡಾಕ್ಟರ ಕೆಲಸ. 'ಇಲ್ಲೊಂದು ಮಚ್ಚೆ ಇದೆ, ಚರ್ಮದ ಡಾಕ್ಟರಿಗೆ ಒಂದ್ಸಲ ತೋರ್ಸಿ' ಅಂದರೆ ಸಾಕು.

ಇದೇ ಎಳೆಯಲ್ಲಿ ಇನ್ನೊಂದು ಮಾತು, ನನಗೆ ಕಷ್ಟದ ಮಾತು. ನಮ್ಮ ಸೀಮೆಯ ಕೆಲವು ಹಳ್ಳಿಗಳಲ್ಲಿ ದಲಿತರಿಗೆ ಕಟಿಂಗ್ ಮಾಡುವುದಿಲ್ಲ ಅಂತ ಈಚಿನ ವರ್ಷಗಳಲ್ಲೂ ಪೇಪರಿನಲ್ಲಿ ಬಂದಿದೆ. ಮಾಡಲು ಹೋದ ನಮ್ಮವರಿಗೆ ದಂಡ ಹಾಕಿ ಹೆದರಿಸಿದ್ದೂ ಬಂದಿದೆ. ಊರಿನ ದೊಡ್ಡವರ ಒತ್ತಡ ಎಂಥದ್ದು ಅಂತ ನನಗೆ ಗೊತ್ತು. ಆದರೂ ಹೇಳುತ್ತೇನೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿದೆ. ಜಾತಿ ನೋಡಿ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಒಂದು ಕಡೆ ಇರಲಿ. ನಮ್ಮನ್ನೇ ನೋಡಿಕೊಳ್ಳಿ. ಕಟಿಂಗ್ ಮಾಡಿಸಿಕೊಂಡು ಹೋದವರು ಹಿತ್ತಿಲ ಬಾಗಿಲಿಂದ ಒಳಗೆ ಹೋಗಿ, ಏನನ್ನೂ ಮುಟ್ಟದೆ ಸ್ನಾನ ಮಾಡುತ್ತಾರೆ. ಮೈಮೇಲೆ ತುಂಡು ಕೂದಲು ಇರುತ್ತದೆ, ಸ್ನಾನ ಮಾಡುವುದು ಒಳ್ಳೆಯದೇ. ಆದರೆ ಅವರು ತೊಳೆದುಕೊಳ್ಳುವುದು ಕೂದಲನ್ನೋ, ನಮ್ಮ ಕೈ ಮುಟ್ಟಿದ್ದನ್ನೋ? ನಾನು ಚಿಕ್ಕವನಿದ್ದಾಗ ಮಾವನ ಜೊತೆ ಮನೆಮನೆಗೆ ಹೋಗುತ್ತಿದ್ದೆ. ಜಗಲಿ ಮೇಲೂ ಕೂರಿಸುತ್ತಿರಲಿಲ್ಲ. ವಾಲಗ ಊದೋಕೆ ಕರೆದ ಮದುವೆಯಲ್ಲಿ ನಮಗೆ ಕೊನೇ ಪಂಕ್ತಿ. ಆ ನೋವು ಉಂಡವರು ನಾವು. ಇನ್ನೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸೋಕೆ ನಮಗೆ ಮನಸ್ಸಾದರೂ ಹೇಗೆ ಬರಬೇಕು?

ಕುತ್ತಿಗೆ ನೆಟಿಗೆ ತೆಗೆಯುವುದನ್ನು ನಿಲ್ಲಿಸಿ. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. ಹನ್ನೆರಡು ವರ್ಷದ ಹಿಂದೆ ನಾನೇ ಒಬ್ಬರ ಗಲ್ಲ ಹಿಡಿದು ಲಟಕ್ ಅನ್ನಿಸಿದೆ. ಅವರೇ ಕೇಳಿದ್ದರು. ಎದ್ದು ನಿಂತವರು ತಲೆ ತಿರುಗುತ್ತಿದೆ ಅಂತ ಮತ್ತೆ ಕುರ್ಚಿಗೆ ಕುಸಿದರು, ವಾಂತಿ ಮಾಡಿಕೊಂಡರು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದೇವರು ದೊಡ್ಡವನು, ಎರಡು ದಿನದಲ್ಲಿ ಸರಿಹೋದರು. ಅಲ್ಲಿನ ಡಾಕ್ಟರು ನನಗೆ ಚಿತ್ರ ಬರೆದು ತೋರಿಸಿದರು. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆ ಮೂಳೆಯ ತೂತುಗಳ ಒಳಗೇ ಹಾದುಹೋಗುತ್ತವೆ. ರಪ್ಪನೆ ತಿರುಗಿಸಿದರೆ ನಾಳದ ಒಳಪದರ ಹರಿಯಬಹುದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು. ಅದೇ ಸ್ಟ್ರೋಕ್. ಅವತ್ತಿನಿಂದ ಕೈ ಕಟ್ಟಿಕೊಂಡೆ. ತಲೆಗೆ, ಭುಜಕ್ಕೆ ಮೆತ್ತಗೆ ಮಾಲೀಶು ಮಾಡಿ, ಸಾಕು. ತಲೆ ತೊಳೆಯುವಾಗಲೂ ವಯಸ್ಸಾದವರ ಕುತ್ತಿಗೆಯನ್ನು ಬೇಸಿನ್ನಿನ ಅಂಚಿಗೆ ತುಂಬಾ ಹಿಂದಕ್ಕೆ ಬಗ್ಗಿಸಬೇಡಿ, ಮಡಚಿದ ಟವಲ್ ಕೊಡಿ.

ಡೈ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಪ್ಪು ಡೈಯಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಆಗಿಬರುವುದಿಲ್ಲ, ಕಣ್ಣು ಮುಖ ಊದಿಕೊಳ್ಳುತ್ತದೆ. ಹೊಸಬರಿಗೆ ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿಸಿ. ಮದುವೆ ನಾಳೆ ಇದೆ ಅಂತ ಇವತ್ತು ಬಂದವರಿಗೆ ಮೊದಲ ಸಲದ ಡೈ ನಾನು ಹಾಕುವುದಿಲ್ಲ. ಒಂದು ಗಿರಾಕಿ ಹೋದರೂ ಪರವಾಗಿಲ್ಲ.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಎಲ್ಲರೂ ಬೆರಳು ಅಗಲಿಸಿ ಸಂದಿ ನೋಡಿ. ಗಿರಾಕಿಯ ತುಂಡು ಕೂದಲು ಸೂಜಿಯ ಹಾಗೆ ಚುಚ್ಚಿಕೊಂಡು ಅಲ್ಲೇ ಉಳಿಯುತ್ತದೆ. ಒಳಗೆ ಸೇರಿ ಸಣ್ಣ ತೂತು ಮಾಡಿಕೊಂಡು ಕೀವು ಕಟ್ಟುತ್ತದೆ. ಕ್ಷೌರಿಕರಿಗೇ ಬರುವ ಕಾಯಿಲೆ ಅಂತ ಡಾಕ್ಟರುಗಳ ಪುಸ್ತಕದಲ್ಲೇ ಇದೆ. ನನ್ನ ಬಲಗೈ ನಡುಬೆರಳು, ಉಂಗುರ ಬೆರಳಿನ ನಡುವೆ ಕುಯ್ದು ತೆಗೆದ ಗುರುತಿದೆ, ಮುಂದೆ ಕೂತವರಿಗೆ ಕಾಣುತ್ತದೆ. ಪ್ರತಿ ಕಟಿಂಗ್ ಆದ ಮೇಲೂ ಬೆರಳ ಸಂದಿ ತೊಳೆದು ಒರೆಸಿಕೊಳ್ಳಿ. ಗಿರಾಕಿಗೆ ಬಳಸಿದ ಬ್ಲೇಡು ನಿಮ್ಮ ಕೈಗೇ ತಾಗಿದರೆ ಹಿಂಡಬೇಡಿ, ಬಾಯಿಗಿಡಬೇಡಿ. ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಬೇಕು ಅಂತ ಅವರಿಗೆ ಅನ್ನಿಸಿದರೆ, ಅದು 72 ಗಂಟೆಯೊಳಗೆ ಶುರುವಾಗಬೇಕು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗ ಎದ್ದು, 'ಎಷ್ಟು ಒತ್ತಿ ಹಿಡಿದ್ರೂ ಕೆಲವರಿಗೆ ರಕ್ತ ನಿಲ್ಲಲ್ವಲ್ಲ ಅಣ್ಣ?' ಎಂದು ಕೇಳಿದ. ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಹಾಗಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಗಾಯ ಬೇಗ ಮಾಯುವುದಿಲ್ಲ. ಅದಕ್ಕೇ ಹೊದಿಕೆ ಹೊದಿಸುವಾಗಲೇ 'ಮಾತ್ರೆ ಏನಾದ್ರೂ ತಗೊಳ್ತೀರಾ ಸಾರ್?' ಅಂತ ಕೇಳಿಬಿಡಿ. ಹೌದು ಅಂದರೆ ಗಡ್ಡಕ್ಕೆ ಮಿಶಿನ್ ಹಾಕಿ.

ಜನ ಎದ್ದು ಟೀಗೆ ಹೊರಟಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ನಿಧಾನವಾಗಿ ಹತ್ತಿರ ಬಂದರು. ಕಂಕುಳಲ್ಲಿ ಹಳೇ ತಗಡಿನ ಪೆಟ್ಟಿಗೆ. ರಜೆಯ ದಿನವೂ ಅದನ್ನು ಬಿಟ್ಟು ಬಂದಿರಲಿಲ್ಲ.

'ನೀನೇಳಿದ್ದೆಲ್ಲ ಸರಿ ಕಣಪ್ಪ. ನಾನು ಸಂತೆ ದಿನ ಅರಳಿಮರದ ಬುಡದಲ್ಲಿ ಕೂರೋನು. ಕರೆಂಟಿಲ್ಲ, ನಲ್ಲಿ ಇಲ್ಲ. ನಾನೇನ್ ಮಾಡ್ಲಿ?'

ಅವರನ್ನು ಕೂರಿಸಿಕೊಂಡು ಪೆಟ್ಟಿಗೆ ಬಿಚ್ಚಿಸಿದೆ. ಎರಡು ಕತ್ತರಿ, ಒಂದು ಕತ್ತಿ, ಹಲ್ಲು ಮುರಿದ ಬಾಚಣಿಗೆ, ಒಂದು ಕನ್ನಡಿ, ಪಟಿಕ. 'ಅಣ್ಣ, ನಿಮಗೆ ಬೇಕಾಗಿರೋದು ಎರಡು ನೀರಿನ ಬಾಟಲಿ' ಎಂದೆ. ಒಂದರಲ್ಲಿ ಸೋಪು ನೀರು, ಒಂದರಲ್ಲಿ ಬರೀ ನೀರು. ಮುಚ್ಚಳಕ್ಕೆ ಮೊಳೆಯಲ್ಲಿ ನಾಲ್ಕು ತೂತು ಹೊಡೆದರೆ ಅದೇ ನಲ್ಲಿ. ಸ್ಪಿರಿಟ್ಟಿನ ಒಂದು ಸಣ್ಣ ಸೀಸೆ. ಬಾಚಣಿಗೆ ಇನ್ನೂ ಮೂರು ತಗೊಳ್ಳಿ, ರಾತ್ರಿ ಮನೆಗೆ ಹೋಗಿ ಒಟ್ಟಿಗೆ ತೊಳೆಯಬಹುದು. ಕತ್ತಿಯನ್ನು ಅನ್ನದ ಒಲೆಯ ಪಕ್ಕದಲ್ಲೇ ಕುದಿಸಬಹುದು. ಪಟಿಕವನ್ನು ಅಲ್ಲೇ ಪಕ್ಕದ ಮನೆಯಿಂದ ಕುಟ್ಟಾಣಿ ತರಿಸಿ ಪುಡಿ ಮಾಡಿದೆವು.

'ಬ್ಲೇಡು?' ಅಂದರು.

ತೋರಿಸೋಕೆ ಅಂತ ನನ್ನ ಅಂಗಡಿಯ ಡಬ್ಬ ತಂದಿದ್ದೆ. ಹಳೇ ಹಾಲಿನ ಪುಡಿಯ ಟಿನ್ನು, ಮುಚ್ಚಳದಲ್ಲಿ ಬ್ಲೇಡು ಇಳಿಯುವಷ್ಟು ಸೀಳು. ಅದನ್ನೇ ಅವರ ಕೈಗೆ ಕೊಟ್ಟೆ. ಅವರು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಬ್ಲೇಡುಗಳು ಗಲಗಲ ಅಂದವು.

'ತುಂಬಿದ ಮ್ಯಾಲೆ ಎಲ್ಲಿಗೆ ಸುರೀಲಿ?'

'ಸುರಿಯೋ ಹಾಗೇ ಇಲ್ಲ ಅಣ್ಣ. ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ ಬ್ಲೇಡು ಅಂತ ದಪ್ಪಕ್ಷರದಲ್ಲಿ ಬರೆಸಿ. ಡಬ್ಬದ ಸಮೇತ ಕಸದ ಗಾಡಿಯವರ ಕೈಗೇ ಕೊಡಿ, ಒಳಗೆ ಬ್ಲೇಡಿದೆ ಅಂತ ಬಾಯಿಬಿಟ್ಟು ಹೇಳಿ ಕೊಡಿ. ಮೈಸೂರಿಗೆ 2015ರಲ್ಲಿ, 2016ರಲ್ಲಿ ದೇಶದಲ್ಲೇ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಬಂತಲ್ಲ, ಅದು ಬಂದಿದ್ದು ಈ ಜನ ಕೈ ಹಾಕಿ ಕಸ ಬೇರೆ ಮಾಡಿದ್ದರಿಂದ. ಆ ಕೈಗೆ ನಮ್ಮ ಬ್ಲೇಡು ತಾಗಬಾರದು.'

ಹಿರಿಯರು ಡಬ್ಬವನ್ನು ಪೆಟ್ಟಿಗೆಯೊಳಗೆ ಕತ್ತರಿಯ ಪಕ್ಕ ಒತ್ತರಿಸಿ ಇಟ್ಟುಕೊಂಡರು. ಪೆಟ್ಟಿಗೆ ಮುಚ್ಚಲಿಲ್ಲ. ಸ್ವಲ್ಪ ಹೊತ್ತು ನೋಡಿ, ಕನ್ನಡಿಯನ್ನು ಹೊರಗೆ ತೆಗೆದು ಟವಲ್ಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು. ಆಮೇಲೆ ಪೆಟ್ಟಿಗೆಯ ಬಾಯಿ ಸರಿಯಾಗಿ ಕೂತಿತು.